ಗೃಹಶಿಕ್ಷಣವೂ ಪಾಠಶಾಲೆಯೂ: ಮದರಾಸು ಆಧಿಪತ್ಯದ ಹಳೆಯ ಲೆಕ್ಕಗಳ ವಿಮರ್ಶೆ

೧

ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವುದು ಲೇಸೋ, ಊರಿನ ಮಕ್ಕಳೊಡನೆ ಪಾಠಶಾಲೆಗೆ ಕಳುಹಿಸುವುದು ಲೇಸೋ ಎಂಬ ಚರ್ಚೆಯು ಈಚೆಗೆ ನಮ್ಮ ನಗರಗಳಲ್ಲಿ ಮರಳಿ ತಲೆಯೆತ್ತಿದೆ. ಮಕ್ಕಳನ್ನು ಶಾಲೆ ಬಿಡಿಸಿ ತಾವೇ ಪಾಠ ಹೇಳುವ ತಂದೆತಾಯಿಗಳಲ್ಲಿ ಕೆಲವರು, ಇದು ಹೊರದೇಶಗಳಿಂದ ಬಂದ ಹೊಸ ಪದ್ಧತಿಯಲ್ಲ, ನಮ್ಮ ಪೂರ್ವಿಕರದೇ ಎಂದು ಹೇಳುವುದುಂಟು. ಇದಕ್ಕೆ ಪ್ರತಿಯಾಗಿ ಶಾಲೆಯ ಪಕ್ಷದವರು, ಸರ್ಕಾರದ ಶಾಲೆಗಳು ಏರ್ಪಡುವುದಕ್ಕೆ ಮುಂಚೆ ಜನಸಾಮಾನ್ಯರಿಗೆ ಅಕ್ಷರವೇ ಇರಲಿಲ್ಲವೆಂಬಂತೆ ವಾದಿಸುತ್ತಾರೆ. ಎರಡು ಪಕ್ಷದವರೂ ಚರಿತ್ರೆಯನ್ನು ಸಾಕ್ಷಿಗೆ ಕರೆಯುತ್ತಿರುವುದರಿಂದ, ಆ ಸಾಕ್ಷಿಯು ನಿಜವಾಗಿ ಏನು ಹೇಳುತ್ತದೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಈ ವಿಚಾರಕ್ಕೆ ಒದಗುವ ಗ್ರಂಥಗಳಲ್ಲಿ ಧರಂಪಾಲರು ಸಂಗ್ರಹಿಸಿ ೧೯೮೩ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಎಂಬುದು ಮುಖ್ಯವಾದುದು. ೧೮೨೨ರಿಂದ ಮದರಾಸು ಆಧಿಪತ್ಯದಲ್ಲಿ ನಡೆದ ವಿದ್ಯಾಭ್ಯಾಸದ ತನಿಖೆಯ ಕಾಗದಪತ್ರಗಳು, ಬಂಗಾಳದಲ್ಲಿ ವಿಲಿಯಂ ಆಡಮ್ ಬರೆದ ವರದಿಗಳ ಭಾಗಗಳು, ಮಹಾತ್ಮಾ ಗಾಂಧಿಯವರಿಗೂ ಸರ್ ಫಿಲಿಪ್ ಹಾರ್ಟಾಗ್‌ಗೂ ನಡೆದ ಪತ್ರವ್ಯವಹಾರ, ಇವೆಲ್ಲ ಇದರಲ್ಲಿ ಒಂದೆಡೆ ದೊರೆಯುತ್ತವೆ. ಪುಸ್ತಕದ ಹೆಸರು ಗಾಂಧಿಯವರ ಮಾತಿನಿಂದ ಬಂದುದು. ೧೯೩೧ರ ಅಕ್ಟೋಬರ್ ೨೦ರಂದು ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ ಅವರು ನಮ್ಮ ದೇಶದ ಹಳೆಯ ವಿದ್ಯಾವ್ಯವಸ್ಥೆಯನ್ನು ಒಂದು ಚೆಲುವಾದ ಮರಕ್ಕೆ ಹೋಲಿಸಿ, ಆಂಗ್ಲರ ಆಡಳಿತದಲ್ಲಿ ಅದು ನಾಶವಾಯಿತೆಂದು ಹೇಳಿದ್ದರು. ಹಾರ್ಟಾಗ್ ಇದಕ್ಕೆ ಪ್ರಮಾಣ ಕೇಳಿದರು; ತೃಪ್ತಿಕರವಾದ ಪ್ರಮಾಣ ಸಿಕ್ಕಲಿಲ್ಲವೆಂದು ತಮ್ಮ ವಾದವನ್ನು ೧೯೩೯ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಧರಂಪಾಲರ ಸಂಗ್ರಹವು ಆ ವಾದಕ್ಕೆ ತಡವಾಗಿ ಬಂದ ಉತ್ತರವಾಗಿದೆ.

ಗ್ರಂಥದ ಉಪಕಾರ ದೊಡ್ಡದು. ದಫ್ತರಗಳಲ್ಲಿ ಅಡಗಿದ್ದ ಜಿಲ್ಲೆವಾರು ಪಟ್ಟಿಗಳನ್ನು ಹಾಗೆಹಾಗೆಯೇ ಅಚ್ಚುಮಾಡಿರುವುದರಿಂದ, ಸಂಪಾದಕರ ಅಭಿಪ್ರಾಯವನ್ನು ಒಪ್ಪದವರು ಕೂಡ ಅವರು ಕೊಟ್ಟ ಸಾಮಗ್ರಿಯಿಂದಲೇ ತಮ್ಮ ವಿಚಾರವನ್ನು ನಡಸಬಹುದಾಗಿದೆ. ಪ್ರಕೃತ ಲೇಖನದಲ್ಲಿ ಇಡೀ ಗ್ರಂಥದ ಗುಣದೋಷಗಳನ್ನು ಎಣಿಸುವ ಉದ್ದೇಶವಿಲ್ಲ. ಅದರಲ್ಲಿರುವ ಗೃಹಶಿಕ್ಷಣದ ಸಂಖ್ಯೆಗಳನ್ನು ಮಾತ್ರ ಪರೀಕ್ಷಿಸಿ, ಅವು ಇಂದಿನ ಚರ್ಚೆಯ ಯಾವ ಪಕ್ಷಕ್ಕೆ ಎಷ್ಟರಮಟ್ಟಿಗೆ ಒದಗುತ್ತವೆಂಬುದನ್ನು ನೋಡುತ್ತೇವೆ.

೨

ಮೊದಲು ತನಿಖೆಯ ರೀತಿಯನ್ನು ತಿಳಿಯಬೇಕು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರ ಜೂನ್ ತಿಂಗಳಿನಲ್ಲಿ, ದೇಶದ ಜನರ ವಿದ್ಯಾಭ್ಯಾಸದ ಸ್ಥಿತಿಯೇನೆಂಬುದನ್ನು ಪ್ರತಿಯೊಂದು ಜಿಲ್ಲೆಯಿಂದಲೂ ತರಿಸಬೇಕೆಂದು ಬರೆದನು. ಕನ್ನಡನಾಡಿಗೆ ಮನ್ರೋ ಅಪರಿಚಿತನಲ್ಲ. ೧೭೯೯–೧೮೦೦ರಲ್ಲಿ ಕೆನರಾ ಜಿಲ್ಲೆಯಲ್ಲಿಯೂ ಅನಂತರ ೧೮೦೭ರ ವರೆಗೆ ಬಳ್ಳಾರಿ ಸೇರಿದ ದತ್ತಮಂಡಲದಲ್ಲಿಯೂ ಕಂದಾಯದ ಏರ್ಪಾಡನ್ನು ಮಾಡಿದವನು ಅವನೇ. ಕಲೆಕ್ಟರುಗಳಿಗೆ ಕಳುಹಿಸಿದ ನಮೂನೆಯಲ್ಲಿ ಶಾಲೆಗಳ ಸಂಖ್ಯೆ, ಉನ್ನತ ವಿದ್ಯೆಯ ಸ್ಥಾನಗಳ ಸಂಖ್ಯೆ, ಅವುಗಳಲ್ಲಿ ಕಲಿಯುವ ಬ್ರಾಹ್ಮಣ, ವೈಶ್ಯ, ಶೂದ್ರ, ಇತರ ಜಾತಿ, ಮುಸಲ್ಮಾನ ಎಂಬ ವಿಭಾಗಗಳ ಗಂಡು ಹೆಣ್ಣು ಮಕ್ಕಳ ಸಂಖ್ಯೆ, ಇವಕ್ಕೆ ಅಂಕಣಗಳಿದ್ದುವು. ಮನೆಯಲ್ಲಿ ಕಲಿಯುವವರಿಗೆ ಅಂಕಣವಿರಲಿಲ್ಲ.

ಈ ಲೋಪ ಎಷ್ಟು ದೊಡ್ಡದೆಂಬುದು ಕೆನರಾ ಜಿಲ್ಲೆಯ ಉತ್ತರದಿಂದ ತಿಳಿಯುತ್ತದೆ. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳನ್ನು ಒಳಗೊಂಡಿದ್ದ ಆ ಜಿಲ್ಲೆಯ ಕಲೆಕ್ಟರನು ೧೮೨೨ರ ಆಗಸ್ಟ್ ತಿಂಗಳಿನಲ್ಲಿ ಬರೆದ ಉತ್ತರದ ತಾತ್ಪರ್ಯವಿಷ್ಟು: ಇಲ್ಲಿ ಉನ್ನತ ಶಾಸ್ತ್ರಗಳ ವಿದ್ಯಾಲಯಗಳಿಲ್ಲ, ನೆಲೆಯಾದ ಶಾಲೆಗಳಾಗಲಿ ಉಪಾಧ್ಯಾಯರಾಗಲಿ ಇಲ್ಲ, ಕಲಿಕೆಯೆಲ್ಲವೂ ತೀರ ಖಾಸಗಿಯಾಗಿ ನಡೆಯುತ್ತಿರುವುದರಿಂದ ಅದನ್ನು ಎಣಿಸಲು ಹೊರಟರೆ ದೊರೆಯುವ ಸಂಖ್ಯೆಯು ತಪ್ಪು ಅಭಿಪ್ರಾಯಕ್ಕೆ ಎಡೆಗೊಡುತ್ತದೆ. ಹೀಗೆ ಹೇಳಿ ಅವನು ನಮೂನೆಯನ್ನು ತುಂಬದೆ ಬಿಟ್ಟನು. ಮನೆಗಳು ಒತ್ತಾಗಿ ಊರು ಕಟ್ಟಿಕೊಳ್ಳದೆ ತೋಟಗದ್ದೆಗಳ ನಡುವೆ ಚದರಿಹೋಗಿರುವ ಆ ಕರಾವಳಿಯಲ್ಲಿ, ಹತ್ತಾರು ಮನೆಗಳ ಮಕ್ಕಳು ದಿನವೂ ಒಂದೆಡೆ ಸೇರುವ ಮಠ ನಿಲ್ಲುವುದು ಕಷ್ಟವಾಗಿದ್ದಿರಬೇಕೆಂದು ನಾವು ಊಹಿಸಬಹುದು. ಕಾರಣವೇನೇ ಇರಲಿ, ವಿದ್ವತ್ತಿಗೂ ಲೆಕ್ಕಪತ್ರದ ಜಾಣ್ಮೆಗೂ ಹೆಸರಾದ ಒಂದು ಸೀಮೆ ಆಧಿಪತ್ಯದ ಶಾಲಾಪಟ್ಟಿಯಲ್ಲಿ ಬರಿದಾಗಿ ನಿಂತಿತು.

ಇದರಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಶಾಲೆಯಿಲ್ಲದ ಕಡೆ ಅಕ್ಷರವಿರಲಿಲ್ಲವೆಂಬ ವಾದ ನಿಲ್ಲುವುದಿಲ್ಲ. ಹಾಗೆಯೇ, ಅಂಥ ಕಡೆ ಅಕ್ಷರವು ಎಷ್ಟು ಮಂದಿಗೆ ಇದ್ದಿತೆಂಬುದನ್ನು ಯಾರೂ ಹೇಳುವಂತಿಲ್ಲ. ಮೈಸೂರು ರಾಜ್ಯವು ಅರಸರ ಆಳ್ವಿಕೆಯಲ್ಲಿಯೂ ಧಾರವಾಡವು ಮುಂಬಯಿ ಆಧಿಪತ್ಯದಲ್ಲಿಯೂ ಇದ್ದುದರಿಂದ ಅವು ಮನ್ರೋವಿನ ತನಿಖೆಯ ಹೊರಗುಳಿದುವು. ಈ ಪಟ್ಟಿಗಳಲ್ಲಿ ಕನ್ನಡಿಗರ ವಿದ್ಯಾಭ್ಯಾಸದ ಪ್ರಮುಖ ಲೆಕ್ಕವೆಂದರೆ ಮುಂದೆ ಹೇಳುವ ಬಳ್ಳಾರಿಯದು.

೩

ಇನ್ನು ಮನ್ರೋವಿನ ತೀರ್ಮಾನ. ೧೮೨೬ರ ಮಾರ್ಚ್ ೧೦ರಂದು ಅವನು ಬರೆದ ಟಿಪ್ಪಣಿಯಲ್ಲಿ, ಆಧಿಪತ್ಯದ ಜನಸಂಖ್ಯೆ ೧,೨೮,೫೦,೯೪೧ ಎಂದೂ ಶಾಲೆಗಳು ೧೨,೪೯೮ ಎಂದೂ ಇದೆ. ಕಲಿಯುವವರು ೧,೮೮,೦೦೦ ಮಾತ್ರ, ಎಂದರೆ ಅರುವತ್ತೇಳು ಜನಕ್ಕೆ ಒಬ್ಬರು ಎಂದು ಕಂದಾಯದ ಬೋರ್ಡು ಲೆಕ್ಕ ಹಾಕಿತ್ತು. ಮನ್ರೋ ಇದನ್ನು ತಿದ್ದುತ್ತಾನೆ. ಜನಸಂಖ್ಯೆಯಲ್ಲಿ ಅರ್ಧ ಹೆಂಗಸರು. ಉಳಿದ ೬೪,೨೫,೦೦೦ ಗಂಡಸರಲ್ಲಿ ಐದರಿಂದ ಹತ್ತು ವರ್ಷದ ಹುಡುಗರು ಒಂಬತ್ತರಲ್ಲಿ ಒಂದು ಪಾಲು, ಎಂದರೆ ೭,೧೩,೦೦೦. ಅವರಲ್ಲಿ ಶಾಲೆಯಲ್ಲಿರುವವರು ೧,೮೪,೧೧೦. ಇದು ಕಾಲುಭಾಗಕ್ಕಿಂತ ತುಸು ಹೆಚ್ಚು. ಆದರೆ ಮನೆಯಲ್ಲಿ ಕಲಿಯುವವರ ಲೆಕ್ಕ ಜಿಲ್ಲೆಗಳಿಂದ ಬಂದಿಲ್ಲವಾದ ಕಾರಣ, ನಿಜವಾದ ಪ್ರಮಾಣವು ಕಾಲಿಗಿಂತ ಮೂರರಲ್ಲಿ ಒಂದು ಪಾಲಿಗೆ ಹತ್ತಿರವಾಗಿರಬೇಕೆಂದು ಅವನ ಅಭಿಪ್ರಾಯ. ಇದಕ್ಕೆ ಅವನು ಕೊಡುವ ಒಂದೇ ಒಂದು ಅಂಕಿ ಮದರಾಸು ಪಟ್ಟಣದ್ದು. ಅಲ್ಲಿ ಮನೆಯಲ್ಲಿ ಕಲಿಯುವವರು ೨೬,೯೦೩ ಮಂದಿ, ಶಾಲೆಯಲ್ಲಿರುವವರ ಐದು ಪಟ್ಟಿಗೂ ಮಿಕ್ಕವರು ಎಂದು ಅವನು ಬರೆದಿದ್ದಾನೆ. ಆ ಸಂಖ್ಯೆಯಲ್ಲಿ ಏನೋ ತಪ್ಪಿರಬಹುದೆಂಬ ಶಂಕೆಯನ್ನೂ ಅವನೇ ಸೂಚಿಸಿದ್ದಾನೆ.

ಮೂರರಲ್ಲೊಂದು ಎಂಬ ಈ ಪ್ರಮಾಣವು ಮುಂದಿನ ಎಲ್ಲ ಚರ್ಚೆಗಳಿಗೂ ತಾಯಿಬೇರಾಗಿದೆ. ಅದು ಯಾವ ನೆಲದ ಮೇಲೆ ನಿಂತಿದೆಯೆಂಬುದನ್ನು ನೋಡೋಣ. ಕಾಲಿಗೂ ಮೂರನೆಯ ಒಂದಕ್ಕೂ ನಡುವಿನ ಬಿಂದುವು ೭,೧೩,೦೦೦ದಲ್ಲಿ ಸುಮಾರು ೨,೦೮,೦೦೦ಕ್ಕೆ ಬರುತ್ತದೆ. ಶಾಲೆಯ ಹುಡುಗರಾದ ೧,೮೪,೧೧೦ರಿಂದ ಅಲ್ಲಿಗೆ ತಲಪಲು ಸುಮಾರು ೨೪,೦೦೦ ಬೇಕು. ಮದರಾಸಿನ ಗೃಹಶಿಕ್ಷಣದ ಸಂಖ್ಯೆಯೊಂದೇ ಇದನ್ನು ತುಂಬಿ ಮಿಗುತ್ತದೆ! ಎಂದರೆ, ಒಂದು ಪಟ್ಟಣದ, ಬರೆದವನೇ ಶಂಕಿಸಿದ ಒಂದು ಸಂಖ್ಯೆಯನ್ನು ಕೂಡಿಸಿದರೆ ಮನ್ರೋವಿನ ಮಾತು ನಿಲ್ಲುತ್ತದೆ. ಅದನ್ನು ತೆಗೆದರೆ ಉಳಿದ ಜಿಲ್ಲೆಗಳಲ್ಲಿ ಎಣಿಸದೆ ಬಿಟ್ಟವರ ಮೇಲಿನ ನಂಬಿಕೆಯೊಂದೇ ಉಳಿಯುತ್ತದೆ.

ಆ ಸಂಖ್ಯೆಯನ್ನು ಮನ್ರೋವಿನ ಅಳತೆಗೋಲಿನಿಂದಲೇ ಅಳೆಯಬಹುದು. ಮದರಾಸಿನ ಕಲೆಕ್ಟರನ ಪಟ್ಟಿಯಲ್ಲಿ ಮನೆಯಲ್ಲಿ ಕಲಿಯುವ ಹುಡುಗರು ೨೬,೪೪೬, ಹುಡುಗಿಯರು ೫೧೭, ಒಟ್ಟು ೨೬,೯೬೩ ಎಂದಿದೆ. ಟಿಪ್ಪಣಿಯಲ್ಲಿರುವ ೨೬,೯೦೩ ಎಂಬುದು ನಕಲು ಮಾಡುವಲ್ಲಿ ಆದ ವ್ಯತ್ಯಾಸವಾಗಿ ತೋರುತ್ತದೆ. ಪಟ್ಟಣದ ಜನಸಂಖ್ಯೆ ೪,೬೨,೦೫೧. ಅದರಲ್ಲಿ ಗಂಡಸರು ೨,೨೮,೬೩೬. ಒಂಬತ್ತರಲ್ಲಿ ಒಂದು ಪಾಲೆಂದರೆ ಸುಮಾರು ೨೫,೪೦೦ ಹುಡುಗರು. ಕಲಿಯುತ್ತಿದ್ದವರಾದರೋ, ಮನೆಯಲ್ಲಿ ೨೬,೪೪೬, ಸಂಬಳ ಕೊಟ್ಟು ಕಲಿಯುವ ಶಾಲೆಗಳಲ್ಲಿ ೫,೧೦೯, ಧರ್ಮಶಾಲೆಗಳಲ್ಲಿ ೪೧೪, ಒಟ್ಟು ೩೧,೯೬೯. ಕಲಿಯುವ ವಯಸ್ಸಿನ ಹುಡುಗರಿಗಿಂತ ಕಲಿಯುತ್ತಿದ್ದ ಹುಡುಗರೇ ಆರೂವರೆ ಸಾವಿರ ಹೆಚ್ಚಾದರು!

ಇದಕ್ಕೆ ಸಮಾಧಾನವಿಲ್ಲವೆಂದಲ್ಲ. ಮನೆಯಲ್ಲಿ ಕಲಿಯುವವರು ಹನ್ನೆರಡು ಹದಿನಾಲ್ಕು ವರ್ಷದ ವರೆಗೂ ಕಲಿಯುತ್ತಿದ್ದಿರಬಹುದು. ಮನ್ರೋ ಕೂಡ ಶಾಲೆಯ ಹುಡುಗರಲ್ಲಿ ಹಲವರು ಹಾಗೆ ಉಳಿಯುತ್ತಿದ್ದರೆಂದು ಹೇಳುತ್ತಾನೆ. ಆದರೆ ಹಾಗೆ ವಯಸ್ಸಿನ ಮಿತಿಯನ್ನು ಪಟ್ಟಣದಲ್ಲಿ ಹಿಗ್ಗಿಸಿದರೆ ಜಿಲ್ಲೆಗಳಲ್ಲಿಯೂ ಹಿಗ್ಗಿಸಬೇಕಾಗುತ್ತದೆ. ಆಗ ೭,೧೩,೦೦೦ ಎಂಬ ಛೇದವು ಬೆಳೆದು, ಮೂರನೆಯ ಒಂದು ಪಾಲು ಕುಗ್ಗುತ್ತದೆ. ಮನೆಯ ಸಂಖ್ಯೆಯನ್ನು ದೊಡ್ಡದಾಗಿ ಇಟ್ಟುಕೊಂಡು ಮಕ್ಕಳ ಸಂಖ್ಯೆಯನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು ಎರಡೂ ಕೂಡಿ ಆಗಲಾರದು. ಆದುದರಿಂದ ಮದರಾಸಿನ ಲೆಕ್ಕವನ್ನು ಇಡೀ ಆಧಿಪತ್ಯದ ಪ್ರಮಾಣಕ್ಕೆ ಆಧಾರವಾಗಿ ಉಪಯೋಗಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

೪

ಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮುಖ್ಯವಾದುದು, ಆ ಸಂಖ್ಯೆಯೊಳಗೆ ಯಾರಿದ್ದರೆಂಬುದು. ಒಟ್ಟಿನಲ್ಲಿ ಹೆಚ್ಚುಕಡಮೆ ಇದ್ದರೂ ವಿಭಾಗಗಳ ಪರಸ್ಪರ ಪ್ರಮಾಣವು ಅಷ್ಟು ಬೇಗ ಕೆಡುವುದಿಲ್ಲ. ಮದರಾಸಿನ ಪಟ್ಟಿಯು ಒಂದೇ ಪಟ್ಟಣದ ಮನೆಗಳನ್ನೂ ಶಾಲೆಗಳನ್ನೂ ಒಂದೇ ವಿಭಾಗಕ್ರಮದಲ್ಲಿ ತೋರಿಸುವುದರಿಂದ, ಇಂಥ ಹೋಲಿಕೆಗೆ ಬಹು ಪ್ರಶಸ್ತವಾದುದು.

ಮನೆಯಲ್ಲಿ ಕಲಿಯುತ್ತಿದ್ದ ೨೬,೪೪೬ ಹುಡುಗರಲ್ಲಿ ಬ್ರಾಹ್ಮಣರು ೭,೫೮೬, ವೈಶ್ಯರು ೬,೧೩೨, ಶೂದ್ರರೆಂದು ಬರೆದವರು ೭,೫೮೯, ಇತರ ಜಾತಿಯವರು ೩,೪೪೯, ಮುಸಲ್ಮಾನರು ೧,೬೯೦. ಸಂಬಳ ಕೊಡುವ ಶಾಲೆಗಳ ೫,೧೦೯ ಹುಡುಗರಲ್ಲಿ ಕ್ರಮವಾಗಿ ೩೫೮, ೭೮೯, ೩,೫೦೬, ೩೧೩, ೧೪೩. ಮೊದಲ ಎರಡು ವಿಭಾಗಗಳನ್ನು ಕೂಡಿಸಿದರೆ ಮನೆಯಲ್ಲಿ ಕಲಿಯುವವರಲ್ಲಿ ನೂರಕ್ಕೆ ೫೨ ಮಂದಿಯೂ, ಶಾಲೆಯಲ್ಲಿ ಕಲಿಯುವವರಲ್ಲಿ ನೂರಕ್ಕೆ ೨೨ ಮಂದಿಯೂ ಅವರೇ ಆಗುತ್ತಾರೆ. ಶೂದ್ರರೆಂಬ ವಿಭಾಗದವರು ಮನೆಯವರಲ್ಲಿ ನೂರಕ್ಕೆ ೨೯, ಶಾಲೆಯವರಲ್ಲಿ ನೂರಕ್ಕೆ ೬೯. ಅದೇ ಪಟ್ಟಣ, ಅದೇ ಕಾಲ, ಅದೇ ಅಧಿಕಾರಿಯ ಲೆಕ್ಕ. ಮನೆ ಮತ್ತು ಶಾಲೆಗಳ ಮುಖಗಳು ಇಷ್ಟು ಭಿನ್ನವಾಗಿವೆ. ಹಿಂದಿನ ಶಾಲೆಗಳು ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿದ್ದುವೆಂಬ ಪ್ರಚಲಿತ ನಂಬಿಕೆಯನ್ನು ಧರಂಪಾಲರು ಈ ಪಟ್ಟಿಗಳ ಬಲದಿಂದ ಖಂಡಿಸಿರುವುದು ನ್ಯಾಯವಾಗಿದೆ. ಆದರೆ ಶಾಲೆಗಳ ವಿಷಯದಲ್ಲಿ ಸಾಧಿಸಿದ ಈ ಔದಾರ್ಯವನ್ನು ಮನೆಗಳ ಸಂಖ್ಯೆಗೂ ಹಬ್ಬಿಸಿ, ಎರಡನ್ನೂ ಒಂದೇ ಮರದ ಕೊಂಬೆಗಳೆಂದು ಎಣಿಸುವುದಕ್ಕೆ ಪಟ್ಟಿ ಎಡೆಗೊಡುವುದಿಲ್ಲ.

ಈ ಚಿತ್ರಕ್ಕೆ ಹೊಂದದ ಒಂದು ಅಂಶವನ್ನು ಮುಚ್ಚಿಡಬಾರದು. ಇತರ ಜಾತಿಯವರೆಂಬ ವಿಭಾಗವು ಮನೆಯವರಲ್ಲಿ ನೂರಕ್ಕೆ ೧೩ ಇದ್ದು, ಸಂಬಳದ ಶಾಲೆಗಳಲ್ಲಿ ನೂರಕ್ಕೆ ೬ ಮಾತ್ರವಿದೆ. ಧರ್ಮಶಾಲೆಗಳ ೪೧೪ ಹುಡುಗರಲ್ಲಿಯಾದರೋ ಅವರು ೧೩೪, ಎಂದರೆ ಸುಮಾರು ಮೂರನೆಯ ಒಂದು ಪಾಲು. ಈ ವಿಭಾಗದಲ್ಲಿ ಯಾವ ಯಾವ ಜಾತಿಗಳನ್ನು ಸೇರಿಸಿದರೆಂಬುದನ್ನು ಪಟ್ಟಿಯು ವಿವರಿಸುವುದಿಲ್ಲ. ಆದರೂ ಉಪಾಧ್ಯಾಯರ ಜಗಲಿಯಲ್ಲಿ ಎಡೆ ಸಿಕ್ಕದ ಮಕ್ಕಳು ಧರ್ಮಶಾಲೆಯನ್ನೋ ಮನೆಯನ್ನೋ ಹಿಡಿಯಬೇಕಾಯಿತೆಂದು ಇದರಿಂದ ತೋರುತ್ತದೆ. ಅಂದಿನ ಶಾಲೆ ಎಲ್ಲರಿಗೂ ತೆರೆದ ಬಾಗಿಲಾಗಿತ್ತೆಂದು ಹೇಳುವುದು ಸಾಧ್ಯವಿಲ್ಲ.

ಹೆಣ್ಣುಮಕ್ಕಳ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಹಿಂದಿನ ಕಾಲದಲ್ಲಿ ಹುಡುಗಿಯರು ಶಾಲೆಗೆ ಹೋಗದಿದ್ದರೂ ಮನೆಯಲ್ಲಿ ಓದು ಬರಹ ಕಲಿಯುತ್ತಿದ್ದರೆಂದು ಸಾಮಾನ್ಯವಾಗಿ ಹೇಳುವುದುಂಟು. ಮದರಾಸಿನ ಮನೆಗಳಲ್ಲಿ ಕಲಿಯುತ್ತಿದ್ದ ೨೬,೯೬೩ ಮಕ್ಕಳಲ್ಲಿ ಹುಡುಗಿಯರು ೫೧೭, ನೂರಕ್ಕೆ ಇಬ್ಬರೂ ಆಗಲಿಲ್ಲ. ಆಧಿಪತ್ಯದ ಶಾಲೆಗಳಲ್ಲಿಯಾದರೆ ೧,೮೮,೬೫೦ರಲ್ಲಿ ೪,೫೪೦, ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಹೆಣ್ಣುಮಕ್ಕಳ ಕಲಿಕೆಯನ್ನು ಹೊರಗಿನವರಿಗೆ ಹೇಳಲು ಮನೆಯವರು ಸಂಕೋಚಪಟ್ಟಿರಬಹುದೆಂದು ಒಪ್ಪೋಣ. ಅಷ್ಟು ವಿನಾಯಿತಿ ಕೊಟ್ಟರೂ, ಶಾಲೆ ಬಿಟ್ಟುದನ್ನು ಮನೆ ತುಂಬಿಕೊಟ್ಟಿತೆಂಬುದಕ್ಕೆ ಇಲ್ಲಿ ಆಧಾರವಿಲ್ಲ. ಹೊಸ್ತಿಲಿನ ಒಳಗಿದ್ದವರಿಗೇ ಮನೆಯ ಪಾಠವು ತಲಪಲಿಲ್ಲ.

೫

ಕಲಿಕೆಯ ಗುಣವೇನು? ಇದಕ್ಕೆ ಮದರಾಸಿನ ಪಟ್ಟಿಯಲ್ಲಿ ಉತ್ತರವಿಲ್ಲ. ಬಂಗಾಳದ ಆಡಮ್‌ನ ವರದಿಯನ್ನು ನೋಡಬೇಕು. ಅವನು ೧೮೩೫ರಿಂದ ೧೮೩೮ರ ವರೆಗೆ ಮೂರು ವರದಿಗಳನ್ನು ಬರೆದನು. ಎರಡನೆಯದರಲ್ಲಿ ರಾಜಶಾಹಿ ಜಿಲ್ಲೆಯ ನಾಟೋರ್ ಠಾಣೆಯೊಂದನ್ನೇ ಆರಿಸಿಕೊಂಡು ಊರೂರಿನ ಲೆಕ್ಕವನ್ನು ತೆಗೆದಿದ್ದಾನೆ. ಅಲ್ಲಿನ ೨೭ ಪ್ರಾಥಮಿಕ ಶಾಲೆಗಳಲ್ಲಿ ಕಲಿಯುತ್ತಿದ್ದವರು ೨೬೨. ೧,೫೮೮ ಸಂಸಾರಗಳಲ್ಲಿ ಮನೆಯ ಪಾಠ ಪಡೆಯುತ್ತಿದ್ದವರು ೨,೩೮೨. ಮನೆಯದು ಶಾಲೆಯದಕ್ಕೆ ಒಂಬತ್ತು ಪಟ್ಟು. ಮದರಾಸಿನ ಐದು ಪಟ್ಟನ್ನು ಅಸಂಭವವೆಂದು ಒಮ್ಮೆಗೇ ತಳ್ಳಿಹಾಕುವವರು ಇದನ್ನು ಗಮನಿಸಬೇಕು. ಆದರೆ ಇಲ್ಲಿಯೂ ೨,೩೮೨ ಎಂಬುದು ೧,೫೮೮ಕ್ಕೆ ಸರಿಯಾಗಿ ಒಂದೂವರೆ ಪಟ್ಟಾಗಿದೆ. ಸಂಸಾರಗಳನ್ನು ಎಣಿಸಿ, ಮಕ್ಕಳನ್ನು ಸರಾಸರಿಯಿಂದ ಪಡೆದಂತೆ ಕಾಣುತ್ತದೆ. ಮನೆಯೊಳಗಣ ಕಲಿಕೆಯನ್ನು ಬಹು ಶ್ರಮಪಟ್ಟು ಹುಡುಕಿದವನ ಕೈಗೂ ಅದು ಪೂರ್ತಿಯಾಗಿ ಸಿಕ್ಕಲಿಲ್ಲ.

ಈ ಮನೆಯ ಪಾಠವು ಶಾಲೆಯದಕ್ಕಿಂತಲೂ ಅಪೂರ್ಣವಾದುದೆಂದು ಆಡಮ್‌ನ ನಿರ್ಣಯ. ಕೆಲವೆಡೆ ಅದು ಅಕ್ಷರ ತಿದ್ದುವುದರಿಂದ ಮುಂದೆ ಹೋಗುತ್ತಿರಲಿಲ್ಲ. ಹಿರಿಯರಿಗೆ ಬಿಡುವಾದಾಗ ನಡೆದು, ಬಿಡುವಿಲ್ಲದಾಗ ನಿಲ್ಲುತ್ತಿತ್ತು. ಹೆಣ್ಣುಮಕ್ಕಳ ಬಗೆಗೆ ಅವನು ಬರೆದಿರುವುದು ಗಮನಾರ್ಹವಾಗಿದೆ. ಓದು ಕಲಿತ ಹುಡುಗಿ ಬೇಗನೆ ವಿಧವೆಯಾಗುವಳೆಂಬ ಭೀತಿ ಅಲ್ಲಿನ ಜನರಲ್ಲಿತ್ತು; ಜಮೀನ್ದಾರರು ಮಾತ್ರ, ಗಂಡನ ಕಾಲಾನಂತರ ಆಸ್ತಿಯನ್ನು ನೋಡಿಕೊಳ್ಳಲು ಬೇಕಾಗುವುದೆಂಬ ದೂರಾಲೋಚನೆಯಿಂದ ಹೆಣ್ಣುಮಕ್ಕಳಿಗೆ ಗುಟ್ಟಾಗಿ ಕಲಿಸುತ್ತಿದ್ದರು. ಕಾಪಾಡಬೇಕಾದ ಆಸ್ತಿಯಿದ್ದ ಮನೆ ಮೂಢಭೀತಿಯನ್ನು ದಾಟಿತು. ಇಲ್ಲದ ಮನೆ ದಾಟಲಿಲ್ಲ.

ಮಲಬಾರಿನ ಲೆಕ್ಕವು ಇದಕ್ಕೆ ಇನ್ನೊಂದು ಕಡೆಯಿಂದ ಬೆಳಕು ಬೀರುತ್ತದೆ. ಅಲ್ಲಿ ಸಾಮೂದಿರಿ ಅರಸರ ಆಶ್ರಯದಲ್ಲಿದ್ದ ವಿದ್ಯಾಲಯದಲ್ಲಿ ೭೫ ಮಂದಿ ಓದುತ್ತಿದ್ದರೆ, ಖಾಸಗಿಯಾಗಿ ಗುರುಗಳಿಂದ ಉನ್ನತ ಶಾಸ್ತ್ರಗಳನ್ನು ಕಲಿಯುತ್ತಿದ್ದವರು ೧,೫೯೪ ಮಂದಿ. ಅವರಲ್ಲಿ ಜ್ಯೋತಿಷವನ್ನು ಕಲಿಯುತ್ತಿದ್ದ ೮೦೮ ಮಂದಿಯಲ್ಲಿ ಬ್ರಾಹ್ಮಣರು ೭೮; ವೈದ್ಯವನ್ನು ಕಲಿಯುತ್ತಿದ್ದ ೧೯೪ರಲ್ಲಿ ೩೧. ಖಾಸಗಿ ಶಿಕ್ಷಣದ ಗೌರವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿಗಳು ಈ ಗ್ರಂಥದಲ್ಲಿ ಬೇರೆಯಿಲ್ಲ. ಆದರೆ ಮಲಬಾರಿನಲ್ಲಿ ಬ್ರಾಹ್ಮಣೇತರರಾದ ಜೋಯಿಸರ ಮತ್ತು ವೈದ್ಯರ ಮನೆತನಗಳು ವಂಶಪಾರಂಪರ್ಯವಾಗಿ ಬಂದುವೆಂಬುದು ತಿಳಿದ ಸಂಗತಿ. ಪಂಚಾಂಗ ಬಲ್ಲ ಮನೆಯಲ್ಲಿ ಪಂಚಾಂಗ, ಮೂಲಿಕೆ ಬಲ್ಲ ಮನೆಯಲ್ಲಿ ಮೂಲಿಕೆ ಮುಂದುವರಿಯಿತು. ಜಾತಿ ಯಾವುದಾದರೂ ಸರಿಯೆ, ಮನೆಯ ಪಾಠವು ಆ ಮನೆಯಲ್ಲಿ ಮೊದಲೇ ಇದ್ದ ವಿದ್ಯೆಯನ್ನು ಮುಂದಿನ ತಲೆಗೆ ಒಪ್ಪಿಸುವ ಏರ್ಪಾಡಾಗಿತ್ತು.

ಇದಕ್ಕೆದುರಾಗಿ ಬಳ್ಳಾರಿಯ ಮಠಗಳನ್ನು ನೋಡೋಣ. ಅಲ್ಲಿನ ಕಲೆಕ್ಟರನಾದ ಕ್ಯಾಂಬೆಲ್ ೧೮೨೩ರ ಆಗಸ್ಟ್ ೧೭ರಂದು ಬರೆದ ವರದಿಯು ಇಡೀ ಸಂಗ್ರಹದಲ್ಲಿ ಅತ್ಯಂತ ಬೆಲೆಯುಳ್ಳ ಕಾಗದಗಳಲ್ಲೊಂದು. ೯,೨೭,೮೫೭ ಜನರಿದ್ದ ಜಿಲ್ಲೆಯಲ್ಲಿ ೫೩೩ ಶಾಲೆಗಳು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಕಲಿಯುವವರು ೬,೬೪೧, ಸಾವಿರಕ್ಕೆ ಏಳು ಮಂದಿ. ಹುಡುಗಿಯರು ೬೦. ಹಿಂದೂ ಹುಡುಗರು ೬,೩೩೮. ಅವರಲ್ಲಿ ಬ್ರಾಹ್ಮಣರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರರು ೧,೧೭೪. ಕೊನೆಯ ಎರಡು ವಿಭಾಗಗಳು ಕೂಡಿ ಮೂರರಲ್ಲಿ ಎರಡು ಪಾಲು. ಮನ್ರೋವಿನ ಸೂತ್ರದಂತೆ ಲೆಕ್ಕ ಹಾಕಿದರೆ ಬಳ್ಳಾರಿಯಲ್ಲಿ ಎಂಟು ಹುಡುಗರಿಗೆ ಒಬ್ಬನು ಮಠದಲ್ಲಿದ್ದನು. ಆಧಿಪತ್ಯದ ಸರಾಸರಿಯ ಅರ್ಧ.

ಮಠದ ಪಾಠಕ್ರಮವನ್ನು ಕ್ಯಾಂಬೆಲ್ ಮೆಚ್ಚಿಯೂ ಇದ್ದಾನೆ, ಖಂಡಿಸಿಯೂ ಇದ್ದಾನೆ. ಐದನೆಯ ವರ್ಷದಲ್ಲಿ ಮಗುವನ್ನು ಸೇರಿಸುವುದು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮುಂದುವರಿದ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವುದು, ಇವುಗಳ ಮಿತವ್ಯಯವು ಇಂಗ್ಲೆಂಡಿನವರಿಗೂ ಅನುಕರಣೀಯವೆಂದು ಅವನು ಬರೆದನು. ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದುವನ್ನು ಲಿಂಗಾಯತರ ಮಕ್ಕಳು ಓದುತ್ತಿದ್ದರೆಂದೂ, ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣವೇ ಮೊದಲಾದ ಬೇರೆ ಗ್ರಂಥಗಳಿದ್ದುವೆಂದೂ ಅವನಿಂದ ತಿಳಿಯುತ್ತದೆ. ಆದರೆ ಆ ಹಳೆಯ ಕಾವ್ಯಭಾಷೆ ಮಕ್ಕಳಿಗೂ ಅನೇಕ ಅಯ್ಯಗಳಿಗೂ ಅರ್ಥವಾಗುತ್ತಿರಲಿಲ್ಲ, ಬಾಯಿಪಾಠವೇ ಪಾಠವಾಗಿತ್ತು. ಶಾಲೆಯನ್ನು ಇಂದು ದೂರುವವರ ಮುಖ್ಯ ಆಕ್ಷೇಪವು ಇನ್ನೂರು ವರ್ಷದ ಹಿಂದೆಯೇ ಕೇಳಿಬಂದುದಾಗಿದೆ.

ಹೀಗೆ ಕಲಿಕೆ ಒಣಗಿದ್ದರೂ, ನೇಯ್ಗೆಯವನ, ಒಕ್ಕಲಿನವನ ಮಗನಿಗೆ ತನ್ನ ಮನೆಯಲ್ಲಿಲ್ಲದ ಓಲೆಯ ಕಟ್ಟನ್ನು ಕಾಣುವ ಸ್ಥಳ ಅದೊಂದೇ ಆಗಿತ್ತು. ಆ ಸ್ಥಳಗಳು ಕಡಮೆಯಾಗುತ್ತಿರುವುದನ್ನು ಕ್ಯಾಂಬೆಲ್ ಖೇದದಿಂದ ಬರೆದಿದ್ದಾನೆ. ಯೂರೋಪಿನ ಬಟ್ಟೆ ಬಂದು ಕೈಮಗ್ಗದವರು ಕೆಲಸ ಕಳೆದುಕೊಂಡರು. ಬಡವರು ಎಳೆಯ ಮಕ್ಕಳನ್ನೂ ದುಡಿಮೆಗೆ ಹಚ್ಚಿದರು. ಮುಂಚೆ ಮಠವಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ. ಇರುವ ಯಾವುದಕ್ಕೂ ಸರ್ಕಾರದ ನೆರವಿಲ್ಲ. ಮಠ ಮುಚ್ಚಿದ ಊರಿನಲ್ಲಿ ಅದರ ಕೆಲಸವನ್ನು ಮನೆ ವಹಿಸಿಕೊಂಡಿತೆಂದು ಅವನೆಲ್ಲಿಯೂ ಹೇಳುವುದಿಲ್ಲ. ಮಗ್ಗ ನಿಂತ ಮನೆಯಲ್ಲಿ ಯಾರು ಯಾರಿಗೆ ಪಾಠ ಹೇಳಬೇಕು?

೬

ಧರಂಪಾಲರ ಪೀಠಿಕೆಯು ಈ ಎಲ್ಲ ಸಾಮಗ್ರಿಯಿಂದ ಆಂಗ್ಲರ ಆಡಳಿತದ ಮೇಲೆ ಹೊರಿಸುವ ದೋಷವನ್ನು ಬಳ್ಳಾರಿಯ ವರದಿ ಬಹುಮಟ್ಟಿಗೆ ಸಮರ್ಥಿಸುತ್ತದೆ. ಆ ಭಾಗದಲ್ಲಿ ನಮಗೆ ಅವರೊಡನೆ ವಿವಾದವಿಲ್ಲ. ನಮ್ಮ ಆಕ್ಷೇಪವು ಇಷ್ಟೆ: ಮನೆಯ ಕಲಿಕೆಯನ್ನೂ ಮಠದ ಕಲಿಕೆಯನ್ನೂ ಒಂದೇ ರಾಶಿಯಲ್ಲಿ ಹಾಕಿದರೆ, ಆ ಮರದ ನೆರಳು ಯಾರ ಮ���ಲೆ ಬೀಳುತ್ತಿತ್ತು, ಯಾರ ಮೇಲೆ ಬೀಳುತ್ತಿರಲಿಲ್ಲ ಎಂಬುದು ಮರೆಯಾಗುತ್ತದೆ.

ಇಂದಿನ ಚರ್ಚೆಗೆ ಇದರ ಫಲವೇನು? ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾನೂನು ೨೦೦೯ರಲ್ಲಿ ಆಗಿ, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಕಲಿಯುವ ಹಕ್ಕನ್ನು ಅದು ಕೊಟ್ಟಿತು. ಸೇರಿಸುವ ಕರ್ತವ್ಯವನ್ನು ತಂದೆತಾಯಿಗಳಿಗೆ ವಿಧಿಸಿತು. ಗೃಹಶಿಕ್ಷಣದ ಹೆಸರನ್ನು ಅದು ಎತ್ತುವುದಿಲ್ಲ. ಮನ್ರೋವಿನ ನಮೂನೆಯಲ್ಲಿದ್ದಂತೆ ಇಲ್ಲಿಯೂ ಮನೆಗೆ ಅಂಕಣವಿಲ್ಲ! ತಮ್ಮ ಮಕ್ಕಳಿಗೆ ಶ್ರದ್ಧೆಯಿಂದ ಕಲಿಸುತ್ತಿರುವವರು ಇದರಿಂದ ನೊಂದಿದ್ದರೆ ಆಶ್ಚರ್ಯವಿಲ್ಲ. ಕೆನರಾದ ಕಲೆಕ್ಟರನು ಬರಿದಾಗಿ ಬಿಟ್ಟ ಹಾಳೆಯ ಹಿಂದೆ ನಿಜವಾದ ವಿದ್ಯೆ ಇದ್ದಂತೆ, ಇವರ ಮನೆಗಳಲ್ಲಿಯೂ ಇರಬಹುದು. ಅಂಥ ಮನೆಗಳನ್ನು ಅಪರಾಧಸ್ಥಾನಗಳೆಂದು ಕಾಣದೆ, ಮಗು ಏನು ಕಲಿತಿದೆಯೆಂದು ಕಾಲಕಾಲಕ್ಕೆ ನೋಡಿ ಅಂಗೀಕರಿಸುವ ಒಂದು ಕ್ರಮವನ್ನು ಏರ್ಪಡಿಸುವುದು ನ್ಯಾಯವಾಗಿ ತೋರುತ್ತದೆ.

ಆದರೆ ಅವರು ಪೂರ್ವಿಕರನ್ನು ಸಾಕ್ಷಿಗೆ ಕರೆದು, ಮನೆಯೇ ಸಾಕು, ಶಾಲೆ ಬೇಡವೆಂದು ಹೇಳಿದರೆ, ಪೂರ್ವಿಕರ ಲೆಕ್ಕವು ಅವರ ಪರವಾಗಿ ನುಡಿಯುವುದಿಲ್ಲ. ಬಲ್ಲವರ ಮನೆಯಲ್ಲಿಯೂ ಬಿಡುವೆಂಬುದು ಎಷ್ಟು ದುರ್ಲಭವೆಂಬುದಕ್ಕೆ ಗಾಂಧಿಯವರ ಆತ್ಮಕಥೆಯೇ ನಿದರ್ಶನ. ೧೮೯೭ರಲ್ಲಿ ಡರ್ಬನ್ನಿಗೆ ಕರೆದುಕೊಂಡು ಹೋದ ಇಬ್ಬರು ಗಂಡುಮಕ್ಕಳನ್ನೂ ಸೋದರಳಿಯನನ್ನೂ ಅವರು ಬಿಳಿಯರ ಶಾಲೆಗೆ ಸೇರಿಸಲೊಲ್ಲದೆ ಮನೆಯಲ್ಲಿಯೇ ಕಲಿಸಲು ನಿಶ್ಚಯಿಸಿದರು. ತಾವು ಕೊಡಬೇಕೆಂದಿದ್ದ ವೇಳೆಯನ್ನು ಕೊಡಲಾಗಲಿಲ್ಲವೆಂದೂ, ಶಾಲೆಯ ಓದು ತಮಗೆ ದೊರೆಯಲಿಲ್ಲವೆಂಬ ಕೊರಗು ಮಕ್ಕಳಲ್ಲಿ ಉಳಿಯಿತೆಂದೂ ಅವರೇ ಬರೆದಿದ್ದಾರೆ. ತಮ್ಮ ನಿರ್ಧಾರಕ್ಕಾಗಿ ಅವರು ಪಶ್ಚಾತ್ತಾಪಪಡಲಿಲ್ಲ. ಸ್ವಾತಂತ್ರ್ಯದ ಪಾಠವು ಅಕ್ಷರದ ಪಾಠಕ್ಕಿಂತ ದೊಡ್ಡದೆಂದು ಅವರ ಮತ. ಅಂಥವರ ಮನೆಗೇ ಒದಗಿದ ಈ ಕೊರತೆಯನ್ನು, ದಿನವೆಲ್ಲ ದುಡಿದು ಬರುವ ನಿರಕ್ಷರರ ಮನೆಗಳೊಡನೆ ಹೋಲಿಸಿ ನೋಡಬೇಕು.

ಶಾಲೆಯು ಮನೆಗಿಂತ ಚೆನ್ನಾಗಿ ಕಲಿಸುತ್ತದೆಂದು ಈ ಕಾಗದಗಳು ಎಲ್ಲಿಯೂ ಸಾಧಿಸುವುದಿಲ್ಲ. ಬಳ್ಳಾರಿಯ ಮಠದ ಬಾಯಿಪಾಠಕ್ಕಿಂತ ಮಲಬಾರಿನ ವೈದ್ಯನ ಮನೆಯ ಪಾಠ ಎಷ್ಟೋ ಪಾಲು ಮೇಲು. ಅವು ಸಾಧಿಸುವುದು ಇಷ್ಟನ್ನು: ಮನೆಯ ವಿದ್ಯೆ ಆ ಮನೆಯಲ್ಲಿದ್ದಷ್ಟೇ, ಅದನ್ನು ಎಣಿಸಲೂ ಆಗದು, ಇಲ್ಲದವನ ಪರವಾಗಿ ಕೇಳಿ ಪಡೆಯಲೂ ಆಗದು. ಶಾಲೆ ಎಷ್ಟೇ ಕೆಟ್ಟಿರಲಿ, ಅದು ಊರಿನ ನಡುವೆ ಕಾಣುವಂತೆ ನಿಂತಿರುತ್ತದೆ; ಇಷ್ಟು ಮಂದಿ ಬಂದರು, ಇಷ್ಟು ಮಂದಿ ಬರಲಿಲ್ಲ, ಯಾರು ಹೊರಗುಳಿದರು ಎಂದು ಹೇಳಲು ಬರುತ್ತದೆ. ಬಳ್ಳಾರಿಯ ಅರುವತ್ತು ಹುಡುಗಿಯರ ಲೆಕ್ಕ ಇಂದಿಗೂ ನಮ್ಮನ್ನು ನಾಚಿಸುತ್ತಿರುವುದು ಅವರು ಮಠದಲ್ಲಿದ್ದುದರಿಂದ. ಕೆನರಾದ ಮನೆಗಳಲ್ಲಿ ಎಷ್ಟು ಹುಡುಗಿಯರು ಓದು ಕಲಿತರು, ಎಷ್ಟು ಮಂದಿ ಕಲಿಯದೆ ಹೋದರು ಎಂಬುದಕ್ಕೆ ನಾಚಲೂ ಹೆಮ್ಮೆಪಡಲೂ ನಮಗೆ ಒಂದು ಅಂಕಿಯೂ ಇಲ್ಲ.